ಮಂಗಕ್ಕೆ 4 ಗುಲ್ಡನ್

ಚಿತ್ರಕಾರನ ಪ್ರವಾಸದ ದಿನಚರಿ ಎಂದರೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ ಹೇಳಿ. ಚರ್ಮದ ರಟ್ಟು, ಅಂಚು ಕಂದಿದ ಹಾಳೆ, ಎಡಕ್ಕೊಂದು ಬೆಟ್ಟ, ಬಲಕ್ಕೊಂದು ಗೋಪುರ, ಎರಡರ ನಡುವೆ ಬಳುಕುವ ಅಕ್ಷರಗಳಲ್ಲಿ ಸೂರ್ಯಾಸ್ತದ ವರ್ಣನೆ. ಬರಲಿ, ತಪ್ಪೇನಿಲ್ಲ. ಆದರೆ ಈ ಕುಲದ ಪುಸ್ತಕಗಳಲ್ಲಿ ಹಿರೀಕ ಎನ್ನಬಹುದಾದ ಒಂದನ್ನು ತೆರೆದರೆ ಸಿಗುವುದು ಮಂಗದ ಬೆಲೆ. ಮರಿಮಂಗ ಒಂದಕ್ಕೆ 4 ಚಿನ್ನದ ಗುಲ್ಡನ್. ಕೊಂಡವನು ಆಲ್ಬ್ರೆಕ್ಟ್ ಡ್ಯೂರರ್, ನ್ಯೂರೆಂಬರ್ಗಿನವನು, ಆ ಹೊತ್ತಿಗೆ ಯುರೋಪಿನ ಅರಮನೆಗಳಲ್ಲೆಲ್ಲ ಹೆಸರು ಮಾಡಿದ್ದ ಚಿತ್ರಕಾರ. ಒಂದು ಆಮೆಯನ್ನೂ ಕೊಂಡ. ಏಕೆ ಎನ್ನುತ್ತೀರಾ? ಪೇಟೆಗೆ ಹೋದವರು ಕೊಂಡದ್ದಕ್ಕೆಲ್ಲ ಕಾರಣ ಕೊಡುತ್ತ ಕೂತರೆ ಯಾವ ಮನೆಯಲ್ಲಿ ನೆಮ್ಮದಿ ಉಳಿದೀತು?

ಅವನು ಊರು ಬಿಟ್ಟದ್ದು 1520ರ ಜುಲೈ 12ರಂದು. ಜೊತೆಗೆ ಹೆಂಡತಿ ಆಗ್ನೆಸ್, ಮನೆಗೆಲಸದ ಸುಸಾನಾ. ಹೋದದ್ದು ಈಗಿನ ಬೆಲ್ಜಿಯಂ-ಹಾಲೆಂಡ್ ಕಡೆಗೆ, ಆಂಟ್‌ವರ್ಪ್ ಎಂಬ ದೊಡ್ಡ ಬಂದರಿಗೆ. ದೇಶ ನೋಡುವ ಆಸೆ ಇತ್ತು, ಸರಿ. ಆದರೆ ನಿಜವಾದ ಕೆಲಸ ಬೇರೆ. ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಇವನಿಗೆ ವರ್ಷಕ್ಕೆ 100 ಗುಲ್ಡನ್ ಪಿಂಚಣಿ ಕೊಡುತ್ತಿದ್ದ. 1519ರಲ್ಲಿ ಆತ ತೀರಿಕೊಂಡ. ಹೊಸ ಚಕ್ರವರ್ತಿ, ಐದನೆಯ ಚಾರ್ಲ್ಸ್, ಅದನ್ನು ಮುಂದುವರಿಸಬೇಕಲ್ಲ? ಕಾಗದ ಬರೆದು ಕೂತರೆ ಆಗುವ ಕೆಲಸವಲ್ಲ ಅದು. ಎದುರಿಗೆ ಹೋಗಿ ನಿಲ್ಲಬೇಕು.

ನಮ್ಮ ಜಗಲಿಗೆ ಸಂಜೆ ತಪ್ಪದೆ ಬರುವ ನಿವೃತ್ತ ಮೇಷ್ಟ್ರಿಗೆ ಇದನ್ನು ಹೇಳಿದೆ. ಅಲ್ಲಿಯವರೆಗೆ ಚಿತ್ರಕಲೆಯ ಮಾತೆಂದು ಆಕಳಿಸುತ್ತಿದ್ದವರು ನೆಟ್ಟಗೆ ಕೂತರು.

“ಆರ್ಡರ್ ಆಯಿತೇ?”

“ಆಯಿತು ಮೇಷ್ಟ್ರೇ. ನಾಲ್ಕು ತಿಂಗಳು ಓಡಾಡಿದ ಮೇಲೆ, ನವೆಂಬರಿನಲ್ಲಿ, ಕಲೋನ್ ಪಟ್ಟಣದಲ್ಲಿ.”

“ನಾಲ್ಕೇ ತಿಂಗಳೇ! ಪುಣ್ಯವಂತ. ಅಂದ ಮೇಲೆ ನೀವು ದಿನಚರಿ ದಿನಚರಿ ಅಂತ ಹೇಳ್ತಿರೋದು ಅವನ ಟಿ.ಎ. ಬಿಲ್ಲು.”

ಕಲಾ ವಿಮರ್ಶಕರು ಯಾರೂ ಇಷ್ಟು ಚೆನ್ನಾಗಿ ಹೇಳಿದ್ದನ್ನು ನಾನು ಓದಿಲ್ಲ. ಏಕೆಂದರೆ ಪುಸ್ತಕದ ತುಂಬ ಇರುವುದು ಅದೇ: ದೋಣಿಗೆ ಇಷ್ಟು, ಊಟಕ್ಕೆ ಇಷ್ಟು, ಸ್ನಾನಕ್ಕೆ ಇಷ್ಟು, ವೈದ್ಯನಿಗೆ ಇಷ್ಟು, ಜೂಜಿನಲ್ಲಿ ಹೋದದ್ದು ಇಷ್ಟು. ಹೊರಟ ಮೊದಲ ದಿನಗಳಲ್ಲಿ ಪುಟ ತುಂಬ ಸುಂಕದ ಕಟ್ಟೆಗಳೇ. ಬಾಂಬೆರ್ಗ್‌ನ ಬಿಷಪ್ಪನಿಗೆ ಚಿತ್ರಗಳನ್ನು ಕೊಟ್ಟು, ಸುಂಕ ಮಾಫಿ ಎಂಬ ಪತ್ರವೊಂದನ್ನು ಪಡೆದಿದ್ದ. ಮಾಯಿನ್ ನದಿಯಲ್ಲಿ ದೋಣಿ ಒಂದು ಕಟ್ಟೆಗೆ ಬರುತ್ತದೆ, ಪತ್ರ ತೋರಿಸುತ್ತಾನೆ, ಬಿಡುತ್ತಾರೆ. ಮುಂದಿನ ಕಟ್ಟೆ, ಪತ್ರ ತೋರಿಸುತ್ತಾನೆ, ಬಿಡುತ್ತಾರೆ. ಒಂದೊಂದನ್ನೂ ಬರೆದಿಟ್ಟಿದ್ದಾನೆ. ಶಿಫಾರಸು ಪತ್ರ ಕೆಲಸ ಮಾಡಿದಾಗ ಮನುಷ್ಯನಿಗೆ ಆಗುವ ಖುಷಿ ಇದೆಯಲ್ಲ, ಅದನ್ನು ಯಾವ ಸೂರ್ಯಾಸ್ತ ಕೊಟ್ಟೀತು?

ಲೆಕ್ಕದ ನಡುವೆ ಬದುಕು ನುಗ್ಗುವುದು ಹೇಗೆಂದು ನೋಡಬೇಕಾದರೆ ನಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ನೋಡಬೇಕು. ಹಾಲಿನ ಲೆಕ್ಕದ ಗೀಟುಗಳ ನಡುವೆ ಯಾರದೋ ತಿಥಿ, ಗ್ಯಾಸ್ ಸಿಲಿಂಡರ್ ಬಂದ ದಿನ, ಮೊಮ್ಮಗನಿಗೆ ಹಲ್ಲು ಬಂದದ್ದು, ಎಲ್ಲ ಒಂದೇ ಪೆನ್ನಿನಲ್ಲಿ. ಡ್ಯೂರರ್‌ನದೂ ಅದೇ ಪದ್ಧತಿ. 1521ರ ಮೇ ತಿಂಗಳಲ್ಲಿ ಧರ್ಮಸುಧಾರಕ ಮಾರ್ಟಿನ್ ಲೂಥರ್‌ನನ್ನು ಹಿಡಿದರಂತೆ ಎಂಬ ಸುದ್ದಿ ಆಂಟ್‌ವರ್ಪ್ ತಲುಪುತ್ತದೆ. ಕೊಂದೇ ಬಿಟ್ಟರೋ ಏನೋ ಎಂದು ಇವನು ಪುಟಗಟ್ಟಲೆ ಗೋಳಾಡುತ್ತಾನೆ, ದೇವರನ್ನು ಕರೆಯುತ್ತಾನೆ, ವಿದ್ವಾಂಸ ಎರಾಸ್ಮಸ್‌ನನ್ನು ಕರೆಯುತ್ತಾನೆ, ಇನ್ನು ನಮಗೆ ದಾರಿ ತೋರಿಸುವವರು ಯಾರು ಎಂದು ಕೇಳುತ್ತಾನೆ. ಗೋಳು ಮುಗಿಯುತ್ತದೆ. ಅದರ ಬೆನ್ನಿಗೇ ಮತ್ತೆ ಯಥಾಪ್ರಕಾರ ಯಾರಿಗೆ ಏನು ಕೊಟ್ಟೆ, ಎಷ್ಟು ಖರ್ಚಾಯಿತು. ಕಣ್ಣು ಒರೆಸಿಕೊಂಡು ಲೆಕ್ಕ ಬರೆದವನ ದುಃಖವನ್ನು ನಾನಂತೂ ಪೂರ್ತಿ ನಂಬುತ್ತೇನೆ.

ಇಷ್ಟು ಹೊತ್ತು ಪುಸ್ತಕ, ಪುಟ ಎಂದೆಲ್ಲ ಹೇಳಿದೆನಲ್ಲ, ಈಗ ಒಂದು ಗುಟ್ಟು. ಆ ಪುಸ್ತಕ ಇಲ್ಲ. ಡ್ಯೂರರ್ ಕೈಯಾರೆ ಬರೆದ ದಿನಚರಿ ಎಂದೋ ಕಳೆದುಹೋಯಿತು. ಉಳಿದಿರುವುದು ಬೇರೆಯವರು ಆಮೇಲೆ ಮಾಡಿಕೊಂಡ ಎರಡು ನಕಲುಗಳು; ಒಂದು ನ್ಯೂರೆಂಬರ್ಗಿನಲ್ಲಿದೆ, ಇನ್ನೊಂದು ಬಾಂಬೆರ್ಗ್‌ನಲ್ಲಿ. ಮಂಗದ ಬೆಲೆ ಗೊತ್ತು. ಆದರೆ ಆ ಬೆಲೆ ಬರೆಯುವಾಗ ಅವನ ಕೈ ಉತ್ಸಾಹದಲ್ಲಿತ್ತೋ, ಹೆಂಡತಿ ಹಿಂದೆ ನಿಂತು ನೋಡುತ್ತಿದ್ದಳೆಂದು ಅಕ್ಷರ ಸಣ್ಣದಾಯಿತೋ, ಅದು ನಕಲಿನಲ್ಲಿ ಬರುವುದಿಲ್ಲ. ನಕಲುಗಾರನಿಗೆ ಮಂಗವೂ ಒಂದೇ, ಲೂಥರನೂ ಒಂದೇ. ಎಲ್ಲವೂ ಅದೇ ಶಾಯಿ, ಅದೇ ಸಾಲು.

ಸಮಾಧಾನಕ್ಕೆ ಒಂದು ದಾರಿ ಇದೆ. ಡ್ಯೂರರ್ ಅದೇ ಪ್ರವಾಸದಲ್ಲಿ ಇನ್ನೊಂದು ಪುಸ್ತಕವನ್ನೂ ಇಟ್ಟುಕೊಂಡಿದ್ದ. ಅಂಗೈಗಿಂತ ಸ್ವಲ್ಪ ದೊಡ್ಡದು, ಅಡ್ಡಗಲದ್ದು, ಚಿತ್ರಕ್ಕೆಂದೇ ಮೀಸಲು. ಅದರ ಹಾಳೆಗಳೂ ಒಂದೊಂದಾಗಿ ಬಿಡಿಸಿಕೊಂಡು ಊರೂರು ಸೇರಿವೆ. ವಿಯೆನ್ನಾದ ಆಲ್ಬರ್ಟೀನಾ ಸಂಗ್ರಹಾಲಯದಲ್ಲಿರುವ ಹಾಳೆಯೊಂದರಲ್ಲಿ ಅವನ ಹೆಂಡತಿ ಇದ್ದಾಳೆ, ರೈನ್ ನದಿಯ ಮೇಲೆ ಬೊಪ್ಪಾರ್ಟ್ ಬಳಿ ಬರೆದದ್ದೆಂದು ಪಕ್ಕದಲ್ಲಿ ಅವನದೇ ಕೈಬರಹ. ದೋಣಿಯಲ್ಲಿ ಕೂತು ಹೆಂಡತಿಯ ಮುಖ ಬರೆದವನು. ಆಗ್ನೆಸ್ ಗಯ್ಯಾಳಿ ಎಂದು ಡ್ಯೂರರ್‌ನ ಗೆಳೆಯ ಪಿರ್ಕ್‌ಹೈಮರ್ ಊರೆಲ್ಲ ಹೇಳಿಕೊಂಡು ತಿರುಗಿದ್ದಾನೆ. ಗಂಡನ ಗೆಳೆಯರು ಹೆಂಡತಿಯ ಬಗ್ಗೆ ಹೇಳುವ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂದು ನಿಮಗೆ ಗೊತ್ತೇ ಇದೆ.

ಆ ಚಿತ್ರಗಳನ್ನು ಬರೆದದ್ದು ಬೆಳ್ಳಿಯ ಕಡ್ಡಿಯಲ್ಲಿ. ಹೌದು, ನಿಜವಾದ ಬೆಳ್ಳಿ. ಬರಿ ಕಾಗದದ ಮೇಲೆ ಬೆಳ್ಳಿ ಎಳೆದರೆ ಗೆರೆ ಮೂಡುವುದಿಲ್ಲ. ಅದಕ್ಕೇ ಮೂಳೆ ಸುಟ್ಟ ಬೂದಿಯನ್ನು ಗೋಂದಿನಲ್ಲಿ ಕಲಸಿ ಕಾಗದಕ್ಕೆ ಬಳಿಯಬೇಕು. ಒಣಗಿದ ಮೇಲೆ ಮೇಲ್ಮೈ ಸಣ್ಣಗೆ ತರಿತರಿಯಾಗುತ್ತದೆ. ಅದರ ಮೇಲೆ ಕಡ್ಡಿ ಆಡಿಸಿದರೆ ಬೆಳ್ಳಿ ಒಂದಿಷ್ಟು ಸವೆದು ಅಲ್ಲೇ ಅಂಟಿಕೊಳ್ಳುತ್ತದೆ. ಮೊದಲು ಬೂದು ಗೆರೆ, ವರ್ಷ ಕಳೆದಂತೆ ಗಾಳಿ ತಾಗಿ ಕಂದು. ಪ್ರಯಾಣಕ್ಕೆ ಹೇಳಿ ಮಾಡಿಸಿದ ಸಲಕರಣೆ: ಶಾಯಿ ಕುಡಿಕೆ ಬೇಡ, ಚೆಲ್ಲುವುದಿಲ್ಲ, ಮೊನೆ ಮುರಿಯುವುದಿಲ್ಲ. ಒಂದೇ ತೊಡಕು, ಬರೆದದ್ದನ್ನು ಅಳಿಸಲಾಗದು. ಮೂಗು ವಾರೆಯಾದರೆ ವಾರೆಯೇ.

ನಮ್ಮ ಕಡೆಯ ಶಾನುಭೋಗರು ಇದನ್ನು ಕೇಳಿದ್ದರೆ ನಕ್ಕುಬಿಡುತ್ತಿದ್ದರು. ಅವರ ಕಡತ ಇದಕ್ಕೆ ತದ್ವಿರುದ್ಧ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು ಒಣಗಿಸಿ, ಉದ್ದನೆಯ ಪಟ್ಟಿಯನ್ನು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಮಡಿಸಿ ಇಟ್ಟರೆ ಕಡತ. ಕಪ್ಪು ಹಿನ್ನೆಲೆ, ಬಿಳಿ ಬಳಪದ ಬರಹ. ಬೇಡವಾದರೆ ಒರೆಸು, ಮತ್ತೆ ಬರಿ; ಮಾಸಿದರೆ ಮತ್ತೆ ಬಳಿ. ಅವರು ಬೂದಿಯ ಬದಲು ಇದ್ದಿಲು ಹಿಡಿದರು, ಗೋಂದಿನ ಬದಲು ಹುಣಿಸೆಬೀಜ. ಫಲ ಮಾತ್ರ ಪೂರ್ವ-ಪಶ್ಚಿಮ. ಕಂದಾಯದ ಲೆಕ್ಕವನ್ನು ಒರೆಸಿ ಬರೆಯುವ ಅನುಕೂಲ ಇದ್ದದ್ದು ರೈತನಿಗೋ ಶಾನುಭೋಗರಿಗೋ ಎಂಬ ಪ್ರಶ್ನೆಯನ್ನು ಮೇಷ್ಟ್ರು ಎತ್ತಿದರು. ಅವರ ವಂಶ ಶಾನುಭೋಗಿಕೆಯದಲ್ಲ, ಹಾಗಾಗಿ ಧೈರ್ಯ. ಒರೆಸಬಹುದಾದರೂ ಒರೆಸದೆ ಉಳಿದ ಕಡತಗಳು ಬೇಕಾದಷ್ಟಿವೆ ಅನ್ನಿ. ಶೃಂಗೇರಿ ಮಠದವು ಚರಿತ್ರೆ ಬರೆಯುವವರಿಗೆ ಇವತ್ತಿಗೂ ಬೇಕು.

ಎಲ್ಲಿದ್ದೆವು? ಆಂಟ್‌ವರ್ಪ್. ಡಿಸೆಂಬರ್ ಚಳಿ. ಝೀಲೆಂಡ್ ದಡಕ್ಕೆ ಒಂದು ಭಾರಿ ತಿಮಿಂಗಿಲ ಬಂದು ಬಿದ್ದಿದೆ ಎಂದು ಯಾರೋ ಹೇಳಿದರು. ಡ್ಯೂರರ್‌ಗೆ ಆಗ ಐವತ್ತರ ಹತ್ತಿರ. ಆ ವಯಸ್ಸಿನವನು ಬೆಂಕಿಯ ಪಕ್ಕ ಕೂತು ಹೌದೇ ಎಂದು ಬಾಯಿ ಚಪ್ಪರಿಸಿದ್ದರೆ ಸಾಕಿತ್ತು. ಹೊರಟ. ಆರ್ನೆಮೌಡೆನ್ ಎಂಬಲ್ಲಿ ದಡಕ್ಕೆ ಕಟ್ಟುವ ಹೊತ್ತಿಗೆ ದೊಡ್ಡ ಹಡಗೊಂದು ಬಂದು ಗುದ್ದಿತು, ಹಗ್ಗ ಹರಿಯಿತು, ಹೆಚ್ಚಿನವರು ಇಳಿದಾಗಿತ್ತು, ಉಳಿದವರು ಇವನೂ ಸೇರಿ ಬೆರಳೆಣಿಕೆಯ ಮಂದಿ. ಗಾಳಿ ದೋಣಿಯನ್ನು ಕಡಲಿಗೆ ನೂಕಿತು. ನಾವಿಕ ತಲೆಗೂದಲು ಕಿತ್ತುಕೊಂಡ. ಧೈರ್ಯಗೆಡಬೇಡ, ಏನಾದರೂ ಮಾಡು ಎಂದು ಚಿತ್ರಕಾರನೇ ಹೇಳಬೇಕಾಯಿತು. ಹೇಗೋ ಸಣ್ಣ ಹಾಯಿ ಎಬ್ಬಿಸಿ ದಡ ಸೇರಿದರು. ಇಷ್ಟೆಲ್ಲ ಆಗಿ ಹೋಗಿ ನೋಡಿದರೆ, ಅಲೆ ಬಂದು ತಿಮಿಂಗಿಲವನ್ನು ಕೊಂಡೊಯ್ದಿತ್ತು. ಹೋದ ಪುಟ್ಟ, ಬಂದ ಪುಟ್ಟ. ಬರುವಾಗ ಒಂದು ಜ್ವರವನ್ನೂ ಹಚ್ಚಿಕೊಂಡು ಬಂದಿರಬೇಕು. ಮುಂದಿನ ವಸಂತದಲ್ಲಿ ಕಾಣಿಸಿಕೊಂಡ ವಿಚಿತ್ರ ಕಾಯಿಲೆಗೆ ಝೀಲೆಂಡಿನಲ್ಲೇ ಬೀಜ ಬಿತ್ತು ಎಂಬುದು ಅವನದೇ ಗುಮಾನಿ.

ಮಲಬಾರಿನ ಮಾತೂ ಆ ಪುಸ್ತಕದಲ್ಲಿದೆ, ನಮ್ಮ ಕರಾವಳಿಯವರು ಕಿವಿ ನೆಟ್ಟಗೆ ಮಾಡಬಹುದು. ವಾಸ್ಕೊ ಡ ಗಾಮ ಕಲ್ಲೀಕೋಟೆ ಮುಟ್ಟಿ ಆಗಿನ್ನೂ ಕಾಲು ಶತಮಾನ ತುಂಬಿರಲಿಲ್ಲ. ಆಂಟ್‌ವರ್ಪಿನ ಪೋರ್ಚುಗೀಸ್ ವರ್ತಕರ ಮನೆಗಳಲ್ಲಿ ಪೂರ್ವದೇಶದ ಸಾಮಾನು ಸುರಿಯುತ್ತಿತ್ತು. ಅವರಿಂದ ಡ್ಯೂರರ್‌ಗೆ ಗಿಣಿ ಬಂತು, ತೆಂಗಿನಕಾಯಿ ಬಂತು, ಕಲ್ಲೀಕೋಟೆಯ ಬಟ್ಟೆ ಬಂತು. ಕಲ್ಲೀಕೋಟೆಯ ದಂತದ ಉಪ್ಪಿನ ಬಟ್ಟಲು ಎರಡನ್ನು ತಾನೇ ದುಡ್ಡು ಕೊಟ್ಟು ಕೊಂಡ. ಆ ಕಾಲದಲ್ಲಿ ದೂರದಿಂದ ಬಂದದ್ದಕ್ಕೆಲ್ಲ ಕಲ್ಲೀಕೋಟೆಯ ಹೆಸರನ್ನೇ ಅಂಟಿಸುತ್ತಿದ್ದರಾದ್ದರಿಂದ ಅದರಲ್ಲಿ ಎಷ್ಟು ನಿಜವಾಗಿ ಸಾಮೂದಿರಿ ಅರಸರ ಊರಿನದೋ. ಆದರೂ ಒಮ್ಮೆ ಯೋಚಿಸಿ. ತೆಂಗಿನಕಾಯಿಯನ್ನು ಉಡುಗೊರೆಯಾಗಿ ಪಡೆದು, ಅದನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಬೀಗಿದ ಮನುಷ್ಯ! ಕುಂದಾಪುರದ ಕಡೆಯ ನನ್ನ ಸ್ನೇಹಿತರೊಬ್ಬರು ಬೆಂಗಳೂರಿಗೆ ಬಂದಾಗಲೆಲ್ಲ ನಾಲ್ಕು ಕಾಯಿ ತಂದುಕೊಡುತ್ತಾರೆ. ನಾನು ಎಲ್ಲಿಯೂ ಬರೆದಿಟ್ಟಿಲ್ಲ.

ಮತ್ತೊಂದು ಪ್ರಸಂಗವಿದೆ. ಚಕ್ರವರ್ತಿಯ ಪರವಾಗಿ ನೆದರ್ಲೆಂಡ್ಸ್ ಆಳುತ್ತಿದ್ದ ಮಾರ್ಗರೆಟ್ ಬಳಿ ಜಾಕೊಪೊ ದೆ ಬಾರ್ಬರಿ ಎಂಬ ತೀರಿಹೋದ ಚಿತ್ರಕಾರನ ಕಿರುಪುಸ್ತಕವಿತ್ತು. ತರುಣನಾಗಿದ್ದಾಗ ಡ್ಯೂರರ್ ಮನುಷ್ಯದೇಹದ ಅಳತೆಯ ಗುಟ್ಟನ್ನು ಇದೇ ಜಾಕೊಪೊನಲ್ಲಿ ಕೇಳಿ, ಅವನು ಬಿಟ್ಟುಕೊಡದೆ, ಹಲ್ಲು ಕಚ್ಚಿ ಸುಮ್ಮನಾಗಿದ್ದ. ಈಗ ಮಾರ್ಗರೆಟ್‌ಗೆ ತನ್ನ ಚಿತ್ರಗಳ ಕಟ್ಟನ್ನೇ ಕೊಟ್ಟು, ಆ ಪುಸ್ತಕ ಕೊಡುವಿರಾ ಎಂದು ಕೇಳಿದ. ನಮ್ಮ ಆಸ್ಥಾನದ ಚಿತ್ರಕಾರನಿಗೆ ಆಗಲೇ ಮಾತು ಕೊಟ್ಟಾಗಿದೆ ಎಂದಳು. ಅವಳಪ್ಪ ಮ್ಯಾಕ್ಸಿಮಿಲಿಯನ್‌ನ ಭಾವಚಿತ್ರ ತೋರಿಸಿದರೆ, ಅದೂ ಮನಸ್ಸಿಗೆ ಬರಲಿಲ್ಲ. ವಾಪಸು ಹೊತ್ತುಕೊಂಡು ಬಂದ. ಪುಸ್ತಕದ ಕೊನೆಕೊನೆಗೆ ಒಟ್ಟು ಲೆಕ್ಕ ಹಾಕಿ, ಈ ದೇಶದಲ್ಲಿ ಕೊಟ್ಟದ್ದು ಕೊಂಡದ್ದು ಎಲ್ಲದರಲ್ಲೂ ನನಗೆ ನಷ್ಟವೇ, ಅದರಲ್ಲೂ ಆ ಮಾರ್ಗರೆಟ್ ಏನೂ ಕೊಡಲಿಲ್ಲ ಎಂದು ಗೊಣಗಿದ್ದಾನೆ. ಇನ್ನೊಬ್ಬನ ಪುಸ್ತಕ ಸಿಗಲಿಲ್ಲವೆಂದು ಅವನು ಯಾವುದರಲ್ಲಿ ಅತ್ತನೋ, ಆ ಪುಸ್ತಕವೇ ನಮಗೆ ಸಿಗದೆ ಹೋಯಿತು.

ಕಳೆಯುವುದರ ಮಾತು ಬಂದಾಗ ಇಂಗ್ಲೆಂಡಿನ ಚಿತ್ರಕಾರ ಟರ್ನರ್‌ನನ್ನು ಬಿಡುವುದು ಹೇಗೆ? 1817ರಲ್ಲಿ ವಾಟರ್ಲೂ ಕಾಳಗದ ಮೈದಾನ ನೋಡಿಕೊಂಡು ರೈನ್ ಕಡೆಗೆ ಹೋದವನು ದಾರಿಯಲ್ಲಿ ತನ್ನ ಜೋಳಿಗೆಯನ್ನೇ ಕಳೆದುಕೊಂಡ. ಉಳಿದ ಕಿಸೆಪುಸ್ತಕದಲ್ಲಿ ಕಳೆದ ಸಾಮಾನಿನ ಪಟ್ಟಿ ಇದೆ: ಹಾಳೆಗಳ ಪುಸ್ತಕ ಒಂದು, ಬೆಲ್ಜಿಯಂ ಮಾರ್ಗದರ್ಶಿ, ಅಂಗಿ ಮೂರು, ರಾತ್ರಿಯಂಗಿ ಒಂದು, ಕ್ಷೌರದ ಕತ್ತಿ, ಕೊಡೆಯ ತುದಿಗೆ ಹಾಕುವ ಬಿರಡೆ, ಕಾಲುಚೀಲ, ಕುತ್ತಿಗೆಯ ಕರವಸ್ತ್ರ, ಅರ್ಧ ಡಜನ್ ಪೆನ್ಸಿಲು, ಬಣ್ಣದ ಪೆಟ್ಟಿಗೆ. ಬೆಳಕನ್ನೇ ಚಿತ್ರವಾಗಿಸಿದವನೆಂದು ಜಗತ್ತು ಕೊಂಡಾಡುವ ಮನುಷ್ಯನಿಗೆ ಕೊಡೆಯ ತುದಿಯ ಚಿಂತೆ. ಅವನು 1851ರಲ್ಲಿ ತೀರಿಕೊಂಡ ಮೇಲೆ ಸುಮಾರು 300 ಇಂಥ ಪುಸ್ತಕಗಳು ದೇಶಕ್ಕೆ ಸೇರಿದವು. ಕಲಾ ವಿಮರ್ಶಕ ಜಾನ್ ರಸ್ಕಿನ್ ಅವನ್ನು ಜೋಡಿಸಲು ಕೂತಾಗ ಕೆಲವನ್ನು ಇಲಿ ತಿಂದಿತ್ತು, ಕೆಲವಕ್ಕೆ ಬೂಷ್ಟು ಹಿಡಿದಿತ್ತು. ಸಾಲದೆಂದು 1928ರ ಜನವರಿಯಲ್ಲಿ ಥೇಮ್ಸ್ ಉಕ್ಕಿ ಟೇಟ್ ಗ್ಯಾಲರಿಯ ನೆಲಮಾಳಿಗೆಗೇ ನುಗ್ಗಿತು. ಬದುಕಿದ್ದಷ್ಟು ದಿನ ನದಿ, ಕಡಲು, ಮಳೆ ಎಂದು ಹಿಂದೆ ಬಿದ್ದಿದ್ದವನ ಮನೆಗೆ ನದಿ ತಾನಾಗಿಯೇ ಬಂದು ಹೋದಂತಾಯಿತು.

ಎಡ್ವರ್ಡ್ ಲಿಯರ್ ಗೊತ್ತಲ್ಲ, ಮಕ್ಕಳ ತಮಾಷೆಯ ಪದ್ಯಗಳವನು? ಅವನು ತನ್ನನ್ನು ತಾನು ಭೂದೃಶ್ಯದ ಚಿತ್ರಕಾರನೆಂದೇ ತಿಳಿದುಕೊಂಡಿದ್ದ. ವೈಸ್‌ರಾಯ್ ನಾರ್ತ್‌ಬ್ರೂಕ್ ಕರೆದನೆಂದು 1873ರ ನವೆಂಬರಿನಲ್ಲಿ ಮುಂಬಯಿಗೆ ಬಂದಿಳಿದು, ಅರವತ್ತು ದಾಟಿದ ಮೈಯನ್ನು ಹೊತ್ತುಕೊಂಡು, ಗ್ರೀಕ್ ಸೇವಕ ಜಾರ್ಜಿಯೊನ ಜೊತೆ ಡಾರ್ಜಿಲಿಂಗ್‌ನಿಂದ ಮಲಬಾರಿನವರೆಗೆ ಅಲೆದ. ದಿನ ತಪ್ಪದೆ ಬರೆದ: ಎದ್ದದ್ದು, ತಿಂದದ್ದು, ಕುಡಿದದ್ದು, ಬೈದದ್ದು. ಆ ದಿನಚರಿಗಳು ಈಗ ಹಾರ್ವರ್ಡ್‌ನ ಹೌಟನ್ ಗ್ರಂಥಾಲಯದಲ್ಲಿವೆ. ಅವನಿಗೆ ಚಿಕ್ಕಂದಿನಿಂದ ಮೂರ್ಛೆರೋಗ. ಹತ್ತಿರದ ಸ್ನೇಹಿತರಿಂದಲೂ ಮುಚ್ಚಿಟ್ಟಿದ್ದ. ದಿನಚರಿಯಲ್ಲಿ ಮಾತ್ರ, ರೋಗ ಬಂದ ದಿನ, ಒಂದು ಸಣ್ಣ ಕತ್ತರಿ ಗುರುತು, ಪಕ್ಕದಲ್ಲೊಂದು ಅಂಕಿ. ಅಚ್ಚಾದ ಪ್ರವಾಸ ಕಥನಗಳಲ್ಲಿ ಅದು ಇಲ್ಲ, ಚಿತ್ರಗಳಲ್ಲಿ ಇಲ್ಲ, ಪದ್ಯಗಳಲ್ಲಂತೂ ಇಲ್ಲವೇ ಇಲ್ಲ. ಜಗತ್ತನ್ನು ನಗಿಸಿದವನು ಇಟ್ಟುಕೊಂಡಿದ್ದ ಒಂದೇ ಒಂದು ನಿಜವಾದ ಗುಟ್ಟಿಗೆ ಅವನು ಅಕ್ಷರವನ್ನೂ ಖರ್ಚು ಮಾಡಲಿಲ್ಲ.

ಮೇಷ್ಟ್ರು ಇಲ್ಲಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಎಲ್ಲಾ ಕಳಕೊಂಡವರು, ಕಾಯಿಲೆಯವರೇ ಆಯ್ತಲ್ಲ. ಪುಸ್ತಕ ನೆಟ್ಟಗೆ ಉಳಿದವರು ಯಾರೂ ಇಲ್ವೇ?” ಎಂದರು.

ಇದ್ದಾನೆ, ಅರ್ಧಂಬರ್ಧ. ಫ್ರಾನ್ಸಿನ ಯೂಜೀನ್ ಡೆಲಕ್ರಾ. ಅವನೂ ಕಳೆಯುವುದರಲ್ಲಿ ಕಡಮೆಯವನಲ್ಲ. 1848ರ ಇಡೀ ವರ್ಷದ ದಿನಚರಿಯನ್ನು ಬಾಡಿಗೆ ಕುದುರೆಗಾಡಿಯಲ್ಲಿ ಮರೆತು ಇಳಿದ ಭೂಪ. ಆ ವರ್ಷ ಪ್ಯಾರಿಸಿನಲ್ಲಿ ಕ್ರಾಂತಿ, ರಾಜನೇ ಓಡಿಹೋದ. ಬರೆದಿಡಲು ಅದಕ್ಕಿಂತ ಒಳ್ಳೆಯ ವರ್ಷ ಸಿಗುತ್ತದೆಯೇ? ಅದೇ ಹೋಯಿತು. ಆದರೆ 1832ರ ಮೊರಾಕೊ ಪುಸ್ತಕಗಳು ಕೆಲವು ಉಳಿದಿವೆ. ಮೊರಾಕೊದ ಸುಲ್ತಾನನಲ್ಲಿಗೆ ರಾಯಭಾರಿಯಾಗಿ ಹೊರಟ ಮೊರ್ನೆ ಎಂಬ ಪ್ರಭುವಿಗೆ ದಾರಿಯಲ್ಲಿ ಮಾತಿಗೊಬ್ಬರು ಬೇಕಿತ್ತು, ಇವನು ಜೊತೆಯಾದ. ಜನವರಿಯಲ್ಲಿ ಟ್ಯಾಂಜಿಯರ್ ತಲುಪಿದರು, ಮಾರ್ಚ್‌ನಲ್ಲಿ ಕುದುರೆಯ ಮೇಲೆ ಮೆಕ್ನೆಸ್‌ಗೆ ಹೋದರು. ಕುದುರೆ ನಡೆಯುತ್ತಿರುವಾಗಲೇ ಜೇಬಿನ ಪುಸ್ತಕ ತೆಗೆದು ಗೀಚುತ್ತಿದ್ದ. ಮೆಕ್ನೆಸ್‌ನಲ್ಲಿ ಪರದೇಶದವನು ಬೀದಿಯಲ್ಲಿ ನಿಂತು ಚಿತ್ರ ಬರೆಯುವುದು ಜನಕ್ಕೆ ಹಿಡಿಸುತ್ತಿರಲಿಲ್ಲ. ಹಾಗಾಗಿ ನೋಡಿದ್ದನ್ನು ಬರೆಯಲು ಸಮಯವಿಲ್ಲದಿದ್ದರೆ ಬಣ್ಣದ ಹೆಸರನ್ನು ಬರೆದುಕೊಳ್ಳುವುದು: ಗೋಡೆಯ ನೆರಳು ಇಂಥದ್ದು, ಅಂಗಿ ಇಂಥದ್ದು, ಬಾಗಿಲು ಹಸಿರು. ಒಂದೇ ಪುಟದಲ್ಲಿ ಪೆನ್ಸಿಲು, ಶಾಯಿ, ಜಲವರ್ಣ. ಚಿತ್ರ ಒತ್ತಿದ ಕಡೆ ಬರಹ ಸರಿದುಕೊಳ್ಳುತ್ತದೆ, ಬರಹ ಹೆಚ್ಚಾದ ಕಡೆ ಕುದುರೆ ಸಣ್ಣದಾಗುತ್ತದೆ.

ಫೆಬ್ರುವರಿಯಲ್ಲಿ ಟ್ಯಾಂಜಿಯರ್‌ನ ಯಹೂದಿ ಮದುವೆಮನೆಯೊಂದಕ್ಕೆ ಹೋಗಿ ಬಂದು ಬರೆದುಕೊಂಡ ಟಿಪ್ಪಣಿ, ಒಂಬತ್ತು ವರ್ಷದ ಮೇಲೆ, 1841ರಲ್ಲಿ, ದೊಡ್ಡ ತೈಲಚಿತ್ರವಾಗಿ ಪ್ಯಾರಿಸಿನಲ್ಲಿ ಪ್ರದರ್ಶನಕ್ಕೆ ಬಂತು. ಸುಲ್ತಾನ ಕುದುರೆಯ ಮೇಲೆ ಬಂದ ಗಳಿಗೆ 1845ರಲ್ಲಿ ಚಿತ್ರವಾಯಿತು. ಸಾಯುವವರೆಗೂ ಆ ಜೇಬಿನ ಪುಸ್ತಕಗಳಿಂದಲೇ ತೆಗೆದು ತೆಗೆದು ಬರೆದ. ಆರು ತಿಂಗಳ ತಿರುಗಾಟ, ಮೂವತ್ತು ವರ್ಷದ ಅನ್ನ.

1863ರಲ್ಲಿ ಡೆಲಕ್ರಾ ತೀರಿಕೊಂಡ. ಮರುವರ್ಷದ ಹರಾಜಿನಲ್ಲಿ ಮೊರಾಕೊ ಪುಸ್ತಕಗಳು ಏಳಿದ್ದವು. ಈಗ ಗೊತ್ತಿರುವುದು ನಾಲ್ಕು. ಮೂರು ಲೂವ್ರ್ ವಸ್ತುಸಂಗ್ರಹಾಲಯದಲ್ಲಿ, ಒಂದು ಪ್ಯಾರಿಸಿಗೆ ಹತ್ತಿರದ ಶಾಂತಿಯಿ ಅರಮನೆಯ ಸಂಗ್ರಹದಲ್ಲಿ. ಶಾಂತಿಯಿಯ ಒಡೆಯನಾಗಿದ್ದ ಓಮಾಲ್ ಡ್ಯೂಕ್ ತನ್ನ ಸಂಗ್ರಹವನ್ನೆಲ್ಲ ದಾನ ಕೊಡುವಾಗ ಒಂದು ಷರತ್ತು ಹಾಕಿದ: ಇಲ್ಲಿಂದ ಯಾವುದನ್ನೂ ಎರವಲಾಗಿಯೂ ಹೊರಗೆ ಕಳಿಸಕೂಡದು. ಟ್ಯಾಂಜಿಯರ್, ಮೆಕ್ನೆಸ್ ಎಂದು ಕುದುರೆಯ ಮೇಲೆ ಅಲೆದ ಪುಸ್ತಕಕ್ಕೆ ಈಗ ಹತ್ತಿರದ ಪ್ಯಾರಿಸಿಗೂ ಹೋಗುವ ಹಾಗಿಲ್ಲ. ನಮ್ಮ ಕಡೆ ಮೈನೆರೆದ ಹುಡುಗಿಯರಿಗೆ ಒಂದು ಕಾಲದಲ್ಲಿ ಇಂಥ ಕಟ್ಟುಪಾಡು ಇತ್ತು, ಪುಸ್ತಕಕ್ಕೆ ಇದ್ದದ್ದು ಕೇಳಿರಲಿಲ್ಲ.

ಹೋಗಿ ನೋಡೋಣವೆಂದರೆ ಅದರಲ್ಲೂ ಒಂದು ಫಜೀತಿ. ಕಾಗದಕ್ಕೆ ಬೆಳಕು ಆಗದು, ಮಂದ ದೀಪದಲ್ಲಿ ಕೆಲವೇ ತಿಂಗಳು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮತ್ತೆ ಕತ್ತಲಿಗೆ ಕಳಿಸುತ್ತಾರೆ. ಪೆಟ್ಟಿಗೆಯಲ್ಲಿದ್ದಾಗಲೂ ತೆರೆದಿರುವುದು ಎರಡು ಪುಟ. ಬೆರಳಿಗೆ ಎಂಜಲು ಹಚ್ಚಿ ಮುಂದಿನ ಪುಟ ತಿರುವುವ ಎಂದು ಕೈ ತುರಿಸುತ್ತದೆ, ನಡುವೆ ಗಾಜು. ಮೂರು ತಿಂಗಳಿಗೊಮ್ಮೆ ಪುಟ ತಿರುವಿದರೂ ನೂರು ಪುಟದ ಪುಸ್ತಕ ಓದಿ ಮುಗಿಸಲು ಹನ್ನೆರಡೂವರೆ ವರ್ಷ ಬೇಕೆಂದು ಮೇಷ್ಟ್ರು ಬಾಯಿಲೆಕ್ಕದಲ್ಲೇ ಹೇಳಿದರು. ಪ್ಯಾರಿಸಿನಲ್ಲಿ ಅಷ್ಟು ಕಾಲ ಮನೆ ಬಾಡಿಗೆ ಕಟ್ಟಲು ತಮ್ಮ ಪಿಂಚಣಿ ಸಾಕಾಗದು ಎಂದೂ ಹೇಳಿದರು. ಮೊಮ್ಮಗಳು ಫೋನಿನಲ್ಲಿ ಅದೇ ಪುಟಗಳನ್ನು ತೆಗೆದು ತೋರಿಸಿದಳು; ಇಬ್ಬರೂ ಕನ್ನಡಕ ಏರಿಸಿ ಇಳಿಸಿ ನೋಡಿದೆವು, ಒಂದು ಕುದುರೆ ಕಂಡಿತು, ಅಷ್ಟರಲ್ಲಿ ಯಾರದೋ ಕರೆ ಬಂದು ಕುದುರೆ ಹೋಯಿತು.

ನಿಮಗೆ ಹೋಗುವ ಯೋಗವಿದ್ದರೆ ಹೋಗಿ ಬನ್ನಿ. ಮಂಗಳವಾರ ಮಾತ್ರ ಬೇಡ, ಲೂವ್ರ್‌ಗೆ ಅಂದು ರಜೆ.